ಗೃಹಪ್ರವೇಶ ಮುಗೀತು, ಗೋಡೆ ಉದುರಿತು!

ಚಿತ್ರದುರ್ಗ: ಊರ ಹೊರಗಿನ ಹೊಸ ಬಡಾವಣೆಯೊಂದರಲ್ಲಿ 30-40ರ ಸೈಟು, ಅದರ ಮೇಲೊಂದು ಪುಟ್ಟ ಮನೆ. ಯಜಮಾನರು 32 ವರ್ಷ ಸರ್ಕಾರಿ ಬಸ್ಸಿನ ಸ್ಟೀರಿಂಗ್ ತಿರುಗಿಸಿ ನಿವೃತ್ತರಾದವರು. ನಿವೃತ್ತಿಯಲ್ಲಿ ಬಂದ ಗಂಟು, ಅದರ ಮೇಲೊಂದು ಬ್ಯಾಂಕ್ ಸಾಲ, ಅದೂ ಸಾಲದ್ದಕ್ಕೆ ಮನೆಯಾಕೆಯ ಎರಡೆಳೆ ಸರ. ಇಷ್ಟೂ ಕರಗಿ ಗೋಡೆಯಾಗಿ ನಿಂತಿದ್ದವು. ಕಳೆದ ವೈಶಾಖದಲ್ಲಿ ಹಾಲುಕ್ಕಿಸಿದರು. ಬಂದ ನೆಂಟರಿಷ್ಟರೆಲ್ಲ ಒಳಗಿನ ಬಿಳಿ ಗೋಡೆ ಸವರಿದ್ದೇ ಸವರಿದ್ದು. "ಗಾಜಿನಂಗೆ ಐತಲ್ಲ ಕಣ್ರೀ!" ಎಂದು ಹೊಗಳಿ, ಉಂಡು, ತಾಂಬೂಲ ತಗೊಂಡು ಹೋದರು.

ಶ್ರಾವಣದ ಮಳೆ ಹಿಡಿಯಿತು. ನಾಲ್ಕನೇ ದಿನಕ್ಕೆ ಮಲಗುವ ಕೋಣೆಯ ಪಡುವಣ ಗೋಡೆಯಲ್ಲೊಂದು ಹಳದಿ ಕಲೆ. ಹತ್ತನೇ ದಿನಕ್ಕೆ ಗುಳ್ಳೆ. ತಿಂಗಳು ತುಂಬುವುದರೊಳಗೆ ಗೋಡೆ ಹಕ್ಕಳೆ ಹಕ್ಕಳೆಯಾಗಿ ಹಾಸಿಗೆಯ ಮೇಲೆ ಉದುರತೊಡಗಿತು. ಬಚ್ಚಲಿನ ಹಿಂಬದಿ ಗೋಡೆಯ ಗತಿಯೂ ಅದೇ. ನಡುಮನೆಯಲ್ಲಿ ನೆಲದಿಂದ ಗೇಣುದ್ದ ಮೇಲಿನವರೆಗೆ ಬೆರಳಿಟ್ಟರೆ ಹಿಟ್ಟು!

"ಬಿಳಿ ಪುಡಿ ಬಳಿದು ಟೋಪಿ ಹಾಕವ್ರೆ" ಅಂತ ಬೀದಿಯವರು ತೀರ್ಪು ಕೊಟ್ಟೇಬಿಟ್ಟರು. ಗುತ್ತಿಗೆದಾರ ಮಹಾಶಯರು ಫೋನ್ ಎತ್ತುವುದನ್ನು ನಿಲ್ಲಿಸಿದರು.

ಆದರೆ ಒಂದು ಪ್ರಶ್ನೆ. ಅದೇ ಪುಡಿ, ಅದೇ ಕೈ, ಅದೇ ವಾರದ ಕೆಲಸ. ದೇವರ ಮನೆ ಗೋಡೆಗೆ ಏನೂ ಆಗಿಲ್ಲ. ನಡುಮನೆಯ ಗೋಡೆ ಸೊಂಟದಿಂದ ಮೇಲೆ ಇವತ್ತಿಗೂ ಗಾಜೇ. ಪುಡಿಯೇ ಮೋಸವಾದರೆ ಅಲ್ಲೆಲ್ಲ ನಿಂತಿದ್ದು ಹೆಂಗೆ?

ಹೊಲದ ಗೊಬ್ಬರ ಗೋಡೆಗೆ ಬಂತು

ಈ ಬಿಳಿ ಪುಡಿಯ ಹೆಸರು ಜಿಪ್ಸಂ. ದುರ್ಗದ ಸೀಮೆಗೆ ಇದು ಹೊಸ ನೆಂಟನೇನಲ್ಲ. ಚಳ್ಳಕೆರೆ ಕಡೆಯ ಶೇಂಗಾ ಬೆಳೆಗಾರರಿಗೆ ಹಳೇ ಪರಿಚಯ. ಶೇಂಗಾ ಗಿಡಕ್ಕೆ ಹೆಕ್ಟೇರಿಗೆ 500 ಕಿಲೋ ಜಿಪ್ಸಂ ಕೊಡಿ, ಕಾಯಿ ಗಟ್ಟಿಯಾಗುತ್ತೆ ಅಂತ ಕೃಷಿ ಇಲಾಖೆಯವರು ವರ್ಷಾ ವರ್ಷಾ ಹೇಳುವುದು ಇದನ್ನೇ. ಚೌಳು ಭೂಮಿ ಸುಧಾರಿಸಲು ಹಾಕುವುದೂ ಇದನ್ನೇ. ಸಿಮೆಂಟು ಬೇಗ ಬಿಗಿದುಕೊಳ್ಳದಿರಲಿ ಅಂತ ಕಾರ್ಖಾನೆಯಲ್ಲಿ ಅದಕ್ಕೆ ಚೂರು ಅರೆದು ಸೇರಿಸುವುದೂ ಇದನ್ನೇ.

ನಮ್ಮ ದೇಶದಲ್ಲಿ ನೆಲದಿಂದ ತೆಗೆಯುವ ಜಿಪ್ಸಂ ಬಹುಪಾಲು ರಾಜಸ್ಥಾನದ್ದು. ಆ ಕಲ್ಲಿನ ನೂರು ಕಿಲೋದಲ್ಲಿ 21 ಕಿಲೋದಷ್ಟು ನೀರೇ ಅಡಗಿರುತ್ತೆ. ಸುಮಾರು 150 ಡಿಗ್ರಿಗೆ ಕಾಯಿಸಿದರೆ ಆ ನೀರಿನಲ್ಲಿ ಮುಕ್ಕಾಲು ಪಾಲು ಹಾರಿ ಪುಡಿ ಉಳಿಯುತ್ತೆ. ಆ ಪುಡಿಗೆ ಮತ್ತೆ ನೀರು ಕೊಟ್ಟರೆ ಕಳಕೊಂಡಿದ್ದನ್ನು ವಾಪಸು ಕುಡಿದು ಅರ್ಧ ಗಂಟೆಯ ಆಸುಪಾಸಿನಲ್ಲಿ ಮತ್ತೆ ಕಲ್ಲು! ಗೋಡೆಗೆ ಬಳಿಯುವ ಗುಟ್ಟು ಇಷ್ಟೇ. ಕಟ್ಟಡದ ಜಿಪ್ಸಂ ಹೇಗಿರಬೇಕು ಎಂದು ಭಾರತೀಯ ಮಾನಕ ಸಂಸ್ಥೆ ಐ.ಎಸ್. 2547 ಎಂಬ ನಿಯಮವನ್ನು 1976ರಲ್ಲೇ ಹೊರಡಿಸಿದೆ.

ಹಿಂದೆ ಇದನ್ನು ಯಾರೂ ಕೇಳುತ್ತಿರಲಿಲ್ಲ. ಹೊಳೆ ಮರಳು ಸಿಕ್ಕುತ್ತಿತ್ತು, ಮನೆ ಮುಂದೆ ಸುರಿದು, ಜರಡಿ ಹಿಡಿದು, ಸಿಮೆಂಟ್ ಕಲಸಿ ಗಾರೆ ಮಾಡುತ್ತಿದ್ದರು. 2012ರಲ್ಲಿ ಸುಪ್ರೀಂ ಕೋರ್ಟು ಸಣ್ಣ ಮರಳು ಗಣಿಗೂ ಪರಿಸರ ಅನುಮತಿ ಬೇಕೆಂದ ಮೇಲೆ ಮರಳಿನ ದಾರಿ ಬಿಗಿಯಾಯಿತು. ಬಂಡೆ ಪುಡಿ ಮಾಡಿದ ಎಂ. ಸ್ಯಾಂಡ್ ಬಂತು. ಸುಟ್ಟಿಟ್ಟಿಗೆ ಜಾಗಕ್ಕೆ ಸಿಮೆಂಟಿನ ಸಾಲಿಡ್ ಬ್ಲಾಕ್ ಬಂತು, ದೊಡ್ಡ ಕಟ್ಟಡಗಳಿಗೆ ಹಗುರವಾದ ಎ.ಎ.ಸಿ. ಬ್ಲಾಕ್ ಬಂತು. ಬ್ಲಾಕಿನ ಗೋಡೆ ಇಟ್ಟಿಗೆ ಗೋಡೆಯಂತೆ ಉಬ್ಬುತಗ್ಗಲ್ಲ, ಸಪಾಟು. ಅರ್ಧ ಇಂಚು ಬಳಿದರೆ ಸಾಕು. ಜಿಪ್ಸಂ ಒಳಗೆ ಕಾಲಿಟ್ಟಿದ್ದು ಈ ಬಾಗಿಲಿನಿಂದ.

ಹತ್ತಿರದಿಂದ ನೋಡಿದರೆ ಲೆಕ್ಕ ಸರಿ

ಸಿಮೆಂಟ್ ಗಾರೆಗೆ ಕಡಿಮೆಯೆಂದರೂ ಒಂದು ವಾರ ನೀರು ಹೊಡೆಯಬೇಕು. ಟ್ಯಾಂಕರ್ ನೀರಿನ ಊರಿನಲ್ಲಿ ಅದೊಂದು ಬೇರೆ ಖರ್ಚು. ಜಿಪ್ಸಂಗೆ ನೀರು ಹೊಡೆಯುವಂತಿಲ್ಲ, ಬೇಕಾಗಿಯೂ ಇಲ್ಲ. ಸಿಮೆಂಟ್ ಗಾರೆ ಒಣಗುವಾಗ ಕುಗ್ಗುತ್ತೆ, ಕೂದಲೆಳೆ ಬಿರುಕು ಬಿಡುತ್ತೆ. ಜಿಪ್ಸಂ ಬಿಗಿಯುವಾಗ ಕುಗ್ಗುವುದಿಲ್ಲ. ಬೆಂಕಿಗೂ ತಡೆ ಒಡ್ಡುತ್ತೆ, ಒಳಗಿರುವ ನೀರು ಹಬೆಯಾಗಿ ಹೋಗುವ ತನಕ ಹಿಂದಿನ ಗೋಡೆಗೆ ಬಿಸಿ ಸುಲಭವಾಗಿ ತಟ್ಟದು.

25 ಕಿಲೋ ಚೀಲವೊಂದು ಅರ್ಧ ಇಂಚು ದಪ್ಪಕ್ಕೆ ಸುಮಾರು 20 ಚದರಡಿ ಹಿಡಿಯುತ್ತೆ. ಹತ್ತಡಿ ಹತ್ತಡಿ ಕೋಣೆ, ಹತ್ತಡಿ ಎತ್ತರ: ನಾಲ್ಕು ಗೋಡೆಗೆ 400 ಚದರಡಿ. ಬಾಗಿಲು ಕಿಟಕಿಗೆ 40 ಕಳೆದರೆ 360. ಅಂದರೆ 18 ಚೀಲ. ಗೋಡೆ ಓರೆಯಾಗಿದ್ದರೆ ಚೀಲ ಏರುತ್ತೆ. ಲೆಕ್ಕ ಹಾಕಿ ಕೊಳ್ಳುವವರಿಗೆ ಇದರಲ್ಲಿ ಮೋಸವೇನೂ ಕಾಣದು.

ಹಾಗಾದರೆ ನಿವೃತ್ತ ಡ್ರೈವರರ ಮನೆಯಲ್ಲಿ ಎಡವಿದ್ದೆಲ್ಲಿ?

ಮೇಸ್ತ್ರಿ ಬಂದರು, ಹೊರಗೆ ನಿಂತರು

ಕೊನೆಗೆ ಮನೆಯಾಕೆ ಕರೆಸಿದ್ದು, ಬ್ಲಾಕ್ ಗೋಡೆ ಕಟ್ಟಿದ್ದ ಹಳೇ ಮೇಸ್ತ್ರಿಯನ್ನು. ಅರವತ್ತರ ಹತ್ತಿರದ ವಯಸ್ಸು, ಹದಿನಾರಕ್ಕೇ ಕರಣೆ ಹಿಡಿದ ಕೈ. ಗೋಡೆ ಎದ್ದ ಮೇಲೆ "ನಿಮ್ಮ ಕೆಲಸ ಮುಗೀತು, ಒಳಗೆ ಜಿಪ್ಸಂನೋರು ಮಾಡ್ತಾರೆ" ಅಂತ ಗುತ್ತಿಗೆದಾರ ಅವರನ್ನು ಕಳಿಸಿಬಿಟ್ಟಿದ್ದ. ಆ ಸಿಟ್ಟು ಮೇಸ್ತ್ರಿಗೆ ಇಲ್ಲದೇ ಇರಲಿಲ್ಲ. ಒಳಗಿನ ಗಾರೆ ಕೆಲಸವೆಂದರೆ ಅವರ ತಂಡಕ್ಕೆ ತಿಂಗಳ ಅನ್ನ.

ಮೇಸ್ತ್ರಿ ಒಳಗೆ ಬರಲೇ ಇಲ್ಲ. ಮನೆಯನ್ನು ಹೊರಗಿಂದ ಒಂದು ಸುತ್ತು ಹಾಕಿದರು. ಪಡುವಣ ಗೋಡೆ ಮುಂದೆ ನಿಂತು ತಲೆ ಅಲ್ಲಾಡಿಸಿದರು.

"ಡ್ರೈವರಣ್ಣ, ಹೊರಗೋಡೆಗೆ ಗಾರೆನೇ ಮಾಡ್ಸಿಲ್ವಲ್ಲಣ್ಣ?"

"ದುಡ್ಡು ಮುಗೀತು ಮೇಸ್ತ್ರಿ. ಮುಂದಿನ ವರ್ಷ ಮಾಡ್ಸಾಣ ಅಂತ. ಮುಹೂರ್ತ ಬೇರೆ ಹತ್ರ ಬಂದಿತ್ತು. ಬಂದೋರು ನೋಡೋದು ಒಳಗಡೆ ತಾನೇ?"

"ಬಂದೋರು ಒಳಗಡೆ ನೋಡ್ತಾರೆ, ಮಳೆ ಹೊರಗಡೆ ನೋಡ್ತದೆ."

ಮಾತು ಅಷ್ಟೇ. ವಿಷಯ ಪೂರ್ತಿ ಅಲ್ಲೇ ಇತ್ತು. ಆರಿಂಚಿನ ಬೆತ್ತಲೆ ಬ್ಲಾಕ್ ಗೋಡೆ. ಪಡುವಣ ಗಾಳಿಗೆ ಅಡ್ಡ ಹೊಡೆದ ಮಳೆ ಬ್ಲಾಕಿನ ಸಂದುಗಳಲ್ಲಿ ಇಳಿದು ಒಳಮೈಗೆ ಬಂದಿದೆ. ಒಳಗೆ ಕಾದು ಕೂತಿದ್ದು ನೀರು ಕಂಡರೆ ಮೆತ್ತಗಾಗುವ ಜಿಪ್ಸಂ. ಒಂದು ಲೀಟರ್ ನೀರಿಗೆ ಎರಡು ಗ್ರಾಂ ಚಿಲ್ಲರೆ ಜಿಪ್ಸಂ ಕರಗುತ್ತೆ. ಕೇಳುವುದಕ್ಕೆ ಅಲ್ಪ. ಆದರೆ ತಿಂಗಳಾನುಗಟ್ಟಲೆ ಹಸಿ ಇದ್ದರೆ ಅದರ ಕಸುವು ಹೋಗುತ್ತೆ, ಬ್ಲಾಕಿನ ಉಪ್ಪೂ ನೀರಿನ ಜತೆ ಬಂದು ಹಿಂದಿನಿಂದ ನೂಕುತ್ತೆ. ಶೇಂಗಾ ಹೊಲದಲ್ಲಿ ಈ ಪುಡಿ ಮೆಲ್ಲಗೆ ಕರಗಬೇಕು, ಅಲ್ಲಿ ಅದೇ ಅದರ ಗುಣ. ಗೋಡೆಯಲ್ಲಿ ಕರಗಬಾರದು, ಇಲ್ಲಿ ಅದೇ ಅದರ ದೋಷ. ಪುಡಿ ಒಂದೇ, ಜಾಗ ಬೇರೆ.

ಬಚ್ಚಲಿನ ಹಿಂಬದಿ ಗೋಡೆಗೂ ಇದೇ ಕಾಯಿಲೆ, ಅಲ್ಲಿ ಮಳೆ ಬದಲು ಸ್ನಾನದ ನೀರು. ನೆಲದ ಹತ್ತಿರ ಉದುರಿದ್ದಕ್ಕೆ ಕಾರಣ ಕೇಳಿದರೆ ಮನೆಯಾಕೆಗೇ ನಾಚಿಕೆಯಾಯಿತು. "ಶುಕ್ರವಾರ ಶುಕ್ರವಾರ ಬಕೆಟ್ಟಲ್ಲಿ ನೀರು ಹುಯ್ದು ತೊಳಿತೀನಿ ಕಣ್ರೀ. ತೊಳೀಬ್ಯಾಡ ಅಂತ ಯಾರೂ ಹೇಳ್ಲಿಲ್ಲ."

ನಾಚಿಕೆಪಡಬೇಕಾದವರು ಅವರೇನಲ್ಲ. ನಮ್ಮ ಕಡೆ ನೆಲ ತೊಳೆಯದ ಮನೆ ಯಾವುದಿದೆ? ಜಿಪ್ಸಂ ಅನ್ನು ನೆಲಕ್ಕೆ ತಾಗಿಸದೆ, ಕೆಳಗಿನ ನಾಲ್ಕಾರು ಇಂಚು ಸಿಮೆಂಟ್ ಗಾರೆ ಮಾಡಿ ಅದರ ಮೇಲೆ ಕಲ್ಲಿನ ಪಟ್ಟಿ ಕೂರಿಸಬೇಕಿತ್ತು. ಬಳಿದವರಿಗೆ ಅದು ಗೊತ್ತು. ಹೇಳುವ ಪುರುಸೊತ್ತು ಯಾರಿಗಿತ್ತು?

ದುರ್ಗ ಬರದ ಜಿಲ್ಲೆ, ಇಲ್ಲಿ ಮಳೆಯ ಭಯ ಯಾಕೆ ಅನ್ನುವ ಧೈರ್ಯವೂ ಈಗ ನಡೆಯದು. 1933ರ ಮೇಲೆ ಕೋಡಿ ಬೀಳದಿದ್ದ ಮಾರಿಕಣಿವೆ ವಾಣಿವಿಲಾಸ ಸಾಗರ 2022ರಲ್ಲಿ ಕೋಡಿ ಬಿತ್ತು. ಅದನ್ನು ಕಂಡ ಮೇಲೂ ಹೊರಗೋಡೆ ಬೆತ್ತಲೆ ಬಿಡುವುದೆಂದರೆ?

ಮಗ ಹೇಳಿದ್ದು

ಈ ಕಥೆಯಲ್ಲಿ ಇನ್ನೊಬ್ಬ ಇದ್ದಾನೆ, ಮೇಸ್ತ್ರಿಯ ಮಗ. ಉತ್ತರದ ಕಡೆಯಿಂದ ಬಂದ ಹುಡುಗರ ಜತೆ ಬೆಂಗಳೂರಲ್ಲಿ ಎರಡು ವರ್ಷ ಇದ್ದು ಜಿಪ್ಸಂ ಕೆಲಸ ಕಲಿತು ಬಂದವನು. ಅಪ್ಪನಿಗೆ ಅದು "ಮಕ್ಕಳಾಟದ ಹಿಟ್ಟು". ಮಗನಿಗೆ ಅಪ್ಪನದು "ಹಳೇ ಕಾಲ". ಮನೆಯಲ್ಲಿ ಇಬ್ಬರ ನಡುವೆ ಮಾತು ಕಡಿಮೆ.

ಮಗ ಬಂದು ಗೋಡೆ ತಟ್ಟಿ ನೋಡಿದ. ಪೊಳ್ಳು ಸದ್ದು ಬಂದಲ್ಲೆಲ್ಲ ಸೀಮೆಸುಣ್ಣದಲ್ಲಿ ಗೆರೆ ಎಳೆದ. ಆಮೇಲೆ ಒಂದೊಂದಾಗಿ ಬಿಡಿಸಿ ಹೇಳಿದ.

ಬಳಿಯುವ ಮೊದಲು ಗೋಡೆ ಒಣಗಿರಬೇಕು. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ರಾತ್ರಿ ಬಿಡಿ. ಬೆಳಿಗ್ಗೆ ಒಳಗಡೆ ಬೆವರು ಹನಿ ಕಂಡರೆ ಗೋಡೆ ಇನ್ನೂ ಹಸಿ.

ಗೋಡೆಗೆ ನೀರು ಚಿಮುಕಿಸಿ ನೋಡಬೇಕು. ಬ್ಲಾಕ್ ಗಟಗಟ ಕುಡಿದರೆ ಬಳಿದ ಜಿಪ್ಸಂ ನೀರನ್ನೂ ಹಾಗೇ ಕುಡಿದು ಒಣಪುಡಿ ಮಾಡುತ್ತೆ. ಎ.ಎ.ಸಿ. ಬ್ಲಾಕಿನದು ಈ ಜಾತಿ. ಅದಕ್ಕೆ ಮೊದಲು ಹದವಾಗಿ ತೇವ ಕೊಡಬೇಕು, ಇಲ್ಲವೇ ಹೀರುವುದನ್ನು ತಡೆಯುವ ಪ್ರೈಮರ್ ಬಳಿಯಬೇಕು. ನೀರು ಜಾರಿ ಹೋದರೆ, ಕಾಂಕ್ರೀಟ್ ಕಂಬ ತೊಲೆಗಳಂತೆ ನುಣುಪಾಗಿದ್ದರೆ, ಹಿಡಿತ ಸಿಗದು. ಅಲ್ಲಿ ಅಂಟು ದ್ರಾವಣ ಬೇಕು. ಕಂಬಕ್ಕೂ ಬ್ಲಾಕಿಗೂ ಕೂಡುವ ಗೆರೆಯಲ್ಲಿ ಜಾಲರಿ ಕಟ್ಟದಿದ್ದರೆ ಬಿರುಕು ಖಂಡಿತ. ಜಾಲರಿ ತುಕ್ಕು ಹಿಡಿಯದ ಜಾತಿಯದಿರಬೇಕು, ಜಿಪ್ಸಂಗೆ ತೇವ ಸೇರಿದರೆ ಬರೀ ಕಬ್ಬಿಣ ಬೇಗ ತುಕ್ಕಾಗಿ ಕೆಂಪು ಕಲೆ ಬಿಡುತ್ತೆ.

ಕಲಸುವಾಗ ನೀರಿಗೆ ಪುಡಿ ಹಾಕಬೇಕು, ಪುಡಿಗೆ ನೀರಲ್ಲ. ಬಿಗಿಯಲು ಹತ್ತಿದ ಮೇಲೆ ಮತ್ತೆ ನೀರು ಬಿಟ್ಟು ಕಲಸಿದರೆ ಅದಕ್ಕೆ ಜೀವ ಇಲ್ಲ, ಎಸೆಯುವುದೇ ಸರಿ. ಹಳೇದು ಮೆತ್ತಿದ ಬಕೆಟ್ಟಿನಲ್ಲಿ ಕಲಸಿದರೂ ಬೇಗ ಗಟ್ಟಿಯಾಗಿ ಕೆಡುತ್ತೆ. ಚೀಲದ ಮೇಲಿನ ತಾರೀಖು ನೋಡಬೇಕು, ತಂಡಿ ಹಿಡಿದ ಚೀಲ ತಗೋಬಾರದು.

"ಗಟ್ಟಿಯಾಗ್ಲಿ ಅಂತ ಕೆಲವ್ರು ಸಿಮೆಂಟ್ ಬೆರಸ್ತಾರೆ, ಅದು ತಪ್ಪು ಅಣ್ಣ" ಅಂದ ಹುಡುಗ. "ತೇವ ಸಿಕ್ರೆ ಎರಡೂ ಕೂಡಿ ಉಬ್ಬತಾವೆ. ಉದುರಿದ ಜಾಗಕ್ಕೆ ಮೇಲಿಂದ ಸಿಮೆಂಟ್ ಮೆತ್ತೋದೂ ಅಷ್ಟೇ. ಬ್ಲಾಕ್ ಕಾಣೋವರ್ಗೂ ಕೆರೀಬೇಕು."

ಅಪ್ಪ ಸುಮ್ಮನೆ ಕೇಳುತ್ತಾ ನಿಂತಿದ್ದರು.

ಬಿಲ್ಲು ಎಲ್ಲಿ?

ಗುತ್ತಿಗೆದಾರನನ್ನು ಕೇಳುವ ದಾರಿ ಇಲ್ಲವೇ? ಇದೆ. ಮನೆ ಕಟ್ಟಿಕೊಡುವುದೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಸೇವೆ ಎನಿಸಿಕೊಳ್ಳುತ್ತೆ. ತಕರಾರು ಹುಟ್ಟಿದ 2 ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ದೂರಿಗೆ ಶುಲ್ಕವೂ ಇಲ್ಲ. ಆದರೆ ಡ್ರೈವರರ ಕೈಲಿ ಏನಿದೆ? ಒಂದು ಸಿಗರೇಟು ಪ್ಯಾಕಿನ ಹಿಂದೆ ಬರೆದ ಲೆಕ್ಕ. ಕರಾರು ಪತ್ರ ಇಲ್ಲ, ರಸೀದಿ ಇಲ್ಲ, ಯಾವ ಗೋಡೆಗೆ ಏನು ಬಳಿಯಬೇಕೆಂದು ಒಂದು ಸಾಲಿನ ಬರಹವಿಲ್ಲ. ಬರೀ ಬಾಯಿಮಾತಿನ ಮೇಲೆ ಆಯೋಗದ ಮುಂದೆ ಗೆಲ್ಲುವುದು ಕಷ್ಟ. ಜೀವಮಾನದ ದುಡಿಮೆ ಸುರಿಯುವಾಗ ಒಂದು ಬಿಳಿ ಹಾಳೆ ಬರೆಸಿಕೊಳ್ಳಲು ನಮ್ಮವರಿಗೆ ಸಂಕೋಚ!

ಮಳೆ ಬಿಟ್ಟ ಮೇಲೆ ಮೇಸ್ತ್ರಿ ಸಾರವೆ ಕಟ್ಟಿ ಹೊರಗೋಡೆಗೆ ಸಿಮೆಂಟ್ ಗಾರೆ ಮಾಡಿದರು, ಕೂಲಿ ಕಂತಿನಲ್ಲಿ ಕೊಡುವ ಒಪ್ಪಂದ. ಬಚ್ಚಲಿನ ಹಿಂಬದಿ ಗೋಡೆಗೂ ನೆಲದಂಚಿಗೂ ಸಿಮೆಂಟೇ. ಒಳಗಿನ ಪಡುವಣ ಗೋಡೆ ಬ್ಲಾಕ್ ಕಾಣುವಂತೆ ಕೆರೆಸಿ ಮಾಘದ ತನಕ ಒಣಗಲು ಬಿಟ್ಟರು. "ಬೇಗ ಮುಗಿಸ್ರಪ್ಪಾ, ಯುಗಾದಿಗೆ ನೆಂಟರು ಬರ್ತಾರೆ" ಎಂದು ಯಜಮಾನರು ಮತ್ತೆ ಅವಸರಿಸಿದರು. ಈ ಸಲ ಅಡ್ಡ ಬಂದಿದ್ದು ಮನೆಯಾಕೆ. "ನೆಂಟರು ಹಿತ್ತಲಲ್ಲಿ ಕೂರ್ಲಿ. ಗೋಡೆ ಒಣಗ್ಲಿ."

ಪ್ಲಾಸ್ಟಿಕ್ ಹಾಳೆಯಲ್ಲಿ ಹನಿ ಕಾಣದ ದಿನ ಮಗ ಒಳಗೆ ಜಿಪ್ಸಂ ಬಳಿದ. ಮೇಸ್ತ್ರಿ ಮಟ್ಟಗೋಲು ಇಟ್ಟು ನೋಡಿದರು, ಎಲ್ಲೂ ಬೆಳಕು ತೂರಲಿಲ್ಲ. ಮಗನನ್ನು ಹೊಗಳುವ ಅಭ್ಯಾಸ ಅವರಿಗಿಲ್ಲ. ಕೋಲನ್ನು ಅವನ ಕೈಗೆ ಕೊಟ್ಟು, "ನಾಳೆಯಿಂದ ನನ್ ಗೋಡೆಗೂ ಒಳಗಿಂದ ನೀನೇ ಬಳಿ" ಎಂದಷ್ಟೇ ಹೇಳಿ ಸಾರವೆ ಬಿಚ್ಚಲು ಹೋದರು.

ಹೊಸ ಬಡಾವಣೆಗಳಲ್ಲಿ ಮನೆ ಎಬ್ಬಿಸುತ್ತಿರುವ ಮಹನೀಯರಿಗೆ ಒಂದೇ ಮಾತು: ಮುಹೂರ್ತ ಪಂಚಾಂಗ ನೋಡಿ ಇಡಿ, ಬೇಡವೆನ್ನುವುದಿಲ್ಲ. ಅದಕ್ಕೆ ಮೊದಲು ಒಂದು ಸಲ ಗೋಡೆ ಮುಟ್ಟಿ ನೋಡಿ.