ಸುಖವೇ ಕಟ್ಟಳೆಯಾದಾಗ

1948ರಲ್ಲಿ ಪ್ಯಾರಿಸ್ ನಗರದಲ್ಲಿ ಜನಿಸಿದ ಪಾಸ್ಕಲ್ ಬ್ರುಕ್ನೆರ್ ಅವರು ಫ್ರಾನ್ಸ್ ದೇಶದ ಸಮಕಾಲೀನ ತತ್ತ್ವಚಿಂತಕರಲ್ಲಿಯೂ ಪ್ರಬಂಧಕಾರರಲ್ಲಿಯೂ ಗಣ್ಯರು. ಪಾಶ್ಚಾತ್ಯ ಸಮಾಜವು ಎತ್ತಿ ಹಿಡಿದ ಆದರ್ಶಗಳೇ ಅದಕ್ಕೆ ಹೇಗೆ ಬಂಧನಗಳಾದುವೆಂಬುದು ಅವರ ವಿಮರ್ಶೆಯ ಮುಖ್ಯ ವಸ್ತು.

1995ರಲ್ಲಿ ಪ್ರಕಟವಾಗಿ ಮೆದಿಸಿ ಪ್ರಶಸ್ತಿಯನ್ನು ಪಡೆದ ಗ್ರಂಥದಲ್ಲಿ ಅವರು ಆಧುನಿಕ ವ್ಯಕ್ತಿಯ ಎರಡು ದೌರ್ಬಲ್ಯಗಳನ್ನು ಗುರುತಿಸುತ್ತಾರೆ. ಸ್ವಾತಂತ್ರ್ಯವನ್ನು ಬಯಸುವ ಆತನು ಅದರ ಹೊಣೆಯಿಂದ ಜಾರಿಕೊಳ್ಳಲು ಒಮ್ಮೆ ಶಿಶುವಿನಂತೆ ಹಠ ಹಿಡಿಯುತ್ತಾನೆ. ಮತ್ತೊಮ್ಮೆ ತಾನೇ ಅನ್ಯಾಯಕ್ಕೊಳಗಾದವನೆಂದು ಹಲುಬುತ್ತಾನೆ.

2000ದಲ್ಲಿ ಹೊರಬಂದ ಗ್ರಂಥದ ವಿಷಯ ಸುಖ. ಮಧ್ಯಯುಗದ ಕ್ರೈಸ್ತ ಯೂರೋಪು ನಿಜವಾದ ಸುಖವನ್ನು ಪರಲೋಕದಲ್ಲಿರಿಸಿ, ಇಹದ ಸಂಕಟಕ್ಕೆ ಪಾಪಪರಿಹಾರದ ಅರ್ಥವನ್ನು ಕಲ್ಪಿಸಿತ್ತು. ಹದಿನೆಂಟನೆಯ ಶತಮಾನದ ವಿಚಾರವಂತರು ಸುಖವನ್ನು ಭೂಮಿಗಿಳಿಸಿದರು. 1776ರ ಅಮೆರಿಕದ ಸ್ವಾತಂತ್ರ್ಯ ಘೋಷಣೆಯು ಅದರ ಅನ್ವೇಷಣೆಯನ್ನು ಮಾನವನ ಹಕ್ಕೆಂದು ಸಾರಿತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಬಯಸಿದ್ದನ್ನು ಸಾಲದ ಮೇಲೆ ಒಡನೆಯೇ ಪಡೆಯುವ ಅನುಕೂಲವು ಹಬ್ಬಿದಂತೆ, ಆ ಹಕ್ಕೇ ಕಟ್ಟಳೆಯಾಯಿತೆಂದು ಬ್ರುಕ್ನೆರ್ ವಾದಿಸುತ್ತಾರೆ. ಸುಖಿಯಾಗಿರುವುದು ಕರ್ತವ್ಯವಾದಾಗ ದುಃಖವು ಅಪರಾಧವಾಗುತ್ತದೆ. ರೋಗಿಯೂ ವೃದ್ಧನೂ ಮಗುವನ್ನು ಕಳೆದುಕೊಂಡ ತಾಯಿಯೂ ನೋವಿನೊಡನೆ ನಾಚಿಕೆಯನ್ನೂ ಹೊರಬೇಕಾಗುತ್ತದೆ. ಇಂತಹ ಸಮಾಜಕ್ಕೆ ಮರಣದ ಸನ್ನಿಧಿಯಲ್ಲಿ ಆಡಲು ಮಾತೇ ಉಳಿಯುವುದಿಲ್ಲ.

ಬ್ರುಕ್ನೆರ್ ಅವರು ವೈರಾಗ್ಯವನ್ನು ಬೋಧಿಸುವವರಲ್ಲ. ಜೀವನದ ಸವಿಯನ್ನು ಮನಸಾರೆ ಮೆಚ್ಚುವವರು. ಆದರೆ ಸುಖವು ಕರೆದಾಗ ಬರುವ ಆಳಲ್ಲ, ತಾನಾಗಿ ಬಂದು ಹೋಗುವ ಅತಿಥಿ ಎಂಬುದು ಅವರ ವಿಚಾರದ ಸಾರ. ಮಕ್ಕಳಿಗೆ ಯಶಸ್ಸಿನ ದಾರಿಯನ್ನು ತೋರುವ ಹಿರಿಯರು, ಅಳುವವನ ಬಳಿ ಸುಮ್ಮನೆ ಕುಳಿತಿರುವುದನ್ನೂ ಅವರಿಗೆ ಕಲಿಸಬೇಕೆಂಬ ಎಚ್ಚರ ಇದರಲ್ಲಿ ಅಡಗಿದೆ.