ಹಳೆಯ ಬೇಟೆಯ ರೈಫಲಿನ ಯೋಗ್ಯ ಬೆಲೆ: ನಗರ ಸೀಮೆಯ ಕೋವಿಗಳನ್ನು ಕುರಿತ ವಿವೇಚನೆ

ನಗರ ಸೀಮೆಯಲ್ಲಿ, ಎಂದರೆ ಇಂದಿನ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ, ಹಳೆಯ ಮನೆತನಗಳ ಆಸ್ತಿ ವಿಭಾಗವಾಗುವಾಗ ಗದ್ದೆಗೂ ಅಡಕೆಯ ತೋಟಕ್ಕೂ ಪಾತ್ರೆ ಪದಾರ್ಥಗಳಿಗೂ ಬೆಲೆ ಕಟ್ಟುವುದು ಅಷ್ಟೇನೂ ಕಷ್ಟವಲ್ಲ. ಅವುಗಳ ಮರ್ಮವನ್ನು ಬಲ್ಲವರು ಊರಿಗೆ ನಾಲ್ವರಾದರೂ ದೊರೆಯುವರು. ಆದರೆ ಅಜ್ಜನ ಕಾಲದಿಂದ ಗೋಡೆಯಲ್ಲಿ ತೂಗಿರುವ ಬೇಟೆಯ ಕೋವಿಯ ಸರದಿ ಬಂದಾಗ ಮಾತು ಎರಡು ದಿಕ್ಕಿಗೆ ಹರಿಯುವುದುಂಟು. ಒಬ್ಬನು ಅದನ್ನು ತುಕ್ಕು ಹಿಡಿದ ಕಬ್ಬಿಣವೆನ್ನುವನು. ಮತ್ತೊಬ್ಬನು ವಿಲಾಯತಿಯ ಅಪೂರ್ವ ವಸ್ತುವೆನ್ನುವನು. ಈ ಎರಡು ಮಾತುಗಳೂ ಪರೀಕ್ಷೆಯಿಲ್ಲದೆ ಆಡಿದವು. ಮೊದಲನೆಯದನ್ನು ನಂಬಿದವನು ಒಳ್ಳೆಯ ಆಯುಧವನ್ನು ಕವಡೆಗೆ ಕಳೆದುಕೊಳ್ಳುವನು; ಎರಡನೆಯದನ್ನು ನಂಬಿ ಕೊಂಡವನು ಹಣವನ್ನಷ್ಟೇ ಅಲ್ಲ, ಒಮ್ಮೊಮ್ಮೆ ಕಣ್ಣನ್ನೂ ಕೈಯನ್ನೂ ಕಳೆದುಕೊಳ್ಳುವ ಸಂಭವವಿದೆ. ಆದಕಾರಣ ಇಂಥ ಆಯುಧಗಳ ಯೋಗ್ಯ ಬೆಲೆಯನ್ನು ನಿರ್ಣಯಿಸುವ ಕ್ರಮವೇನೆಂಬುದು ವಿಚಾರಾರ್ಹವಾದುದು.

ಮೊದಲು ಪದಗಳ ವಿಷಯ. ಕೋವಿಯೆಂಬುದು ಕೊಳವೆಯೆಂಬುದಕ್ಕೆ ಬಂಧುವಾದ ಅಚ್ಚಗನ್ನಡ ಮಾತು. ಬಂದೂಕು, ತುಪಾಕಿ ಎಂಬುವು ಮುಸಲ್ಮಾನ ರಾಜ್ಯಗಳ ಸಂಪರ್ಕದಿಂದ ಬಂದವು. ಮಲೆನಾಡಿನ ಆಡುಮಾತಿನಲ್ಲಿ ಮೂತಿಯಿಂದ ಮದ್ದು ಚರೆಗಳನ್ನು ಜಡಿದು ಕೇಪನ್ನಿಟ್ಟು ಹೊಡೆಯುವುದು ಕೇಪಿನ ಕೋವಿ. ಹಿಂಬದಿಯಿಂದ ತೋಟೆಯನ್ನು ತುಂಬುವುದು ತೋಟಾ ಕೋವಿ. ಎರಡು ನಳಿಗೆಗಳುಳ್ಳದ್ದು ಜೋಡುನಳಿಗೆ. ಇವುಗಳಲ್ಲಿ ಬಹುಪಾಲು ನಯನಳಿಗೆಯವು. ರೈಫಲು ಇವುಗಳಿಗಿಂತ ಬೇರೆಯಾದುದು. ಅದರ ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಗೀರುಗಳನ್ನು ಕೊರೆದಿರುವುದರಿಂದ ಗುಂಡು ತಿರುಗುತ್ತ ಹೊರಟು ದೂರದ ಗುರಿಯನ್ನು ತಪ್ಪದೆ ಮುಟ್ಟುವುದು. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ (೧೯೩೬), ‘ಮಲೆಗಳಲ್ಲಿ ಮದುಮಗಳು’ (೧೯೬೭) ಮುಂತಾದ ಕೃತಿಗಳಲ್ಲಿ ಕೋವಿಯೂ ಬೇಟೆಯೂ ಮತ್ತೆ ಮತ್ತೆ ಬರುವುವು. ಅವುಗಳನ್ನು ಪಾಠ ಹೇಳುವವರಿಗೆ ಈ ಭೇದಗಳು ತಿಳಿದಿರುವುದು ಅವಶ್ಯ. ಬೆಲೆ ಕಟ್ಟುವವನಿಗೆ ಇದೇ ಮೊದಲನೆಯ ಮೆಟ್ಟಲು.

ಈ ಸೀಮೆಗೂ ಸಿಡಿಮದ್ದಿನ ಆಯುಧಗಳಿಗೂ ಇರುವ ಸಂಬಂಧ ಹಳೆಯದು. ಕೆಳದಿಯ ಅರಸರ ರಾಜಧಾನಿಯಾಗಿದ್ದ ಬಿದನೂರನ್ನು ೧೭೬೩ರಲ್ಲಿ ಹೈದರಾಲಿಯು ಗೆದ್ದು ಹೈದರನಗರವೆಂದು ಕರೆದನು. ನಗರವೆಂಬ ಹೆಸರು ಉಳಿದುಕೊಂಡುದು ಅದರಿಂದಲೇ. ೨೦೧೮ರ ಜುಲೈ ತಿಂಗಳಲ್ಲಿ ಈ ನಗರದ ಪಾಳುಬಾವಿಯೊಂದರಿಂದ ಟೀಪುವಿನ ಕಾಲದವೆಂದು ತಿಳಿಯಲಾದ ಸಾವಿರಕ್ಕೂ ಮಿಕ್ಕ ಕಬ್ಬಿಣದ ರಾಕೆಟ್ಟುಗಳು ದೊರೆತು ಶಿವಮೊಗ್ಗೆಯ ಶಿವಪ್ಪನಾಯಕನ ಅರಮನೆಯ ವಸ್ತುಸಂಗ್ರಹಾಲಯವನ್ನು ಸೇರಿದುವು. ತುಕ್ಕು ತಿಂದ ಆ ಕೊಳವೆಗಳಿಗೆ ಆಯುಧವೆಂಬ ದೃಷ್ಟಿಯಿಂದ ಬಿಡಿಗಾಸಿನ ಬೆಲೆಯೂ ಇಲ್ಲ. ಚರಿತ್ರೆಯ ದೃಷ್ಟಿಯಿಂದ ಅವು ಅಮೂಲ್ಯವಾದುವು. ಉಪಯೋಗದ ಬೆಲೆ, ಸಂಗ್ರಾಹಕನ ಬೆಲೆ, ಚರಿತ್ರೆಯ ಬೆಲೆ ಎಂದು ಬೆಲೆಯಲ್ಲಿ ಮೂರು ಬಗೆಗಳಿವೆಯೆಂಬುದು ಇದರಿಂದ ಸ್ಪಷ್ಟವಾಗುವುದು. ಒಂದನ್ನು ಮತ್ತೊಂದರೊಡನೆ ಬೆರಸುವುದೇ ಬಹುಮಟ್ಟಿನ ತಪ್ಪುಗಳಿಗೆ ಮೂಲ.

ಯೋಗ್ಯ ಬೆಲೆಯೆಂದರೇನು? ವಸ್ತುವಿನ ಗುಣದೋಷಗಳನ್ನು ಬಲ್ಲ ಕೊಳ್ಳುವವನೂ, ಅಷ್ಟೇ ಬಲ್ಲ ಮಾರುವವನೂ, ಯಾವ ಬಲಾತ್ಕಾರವೂ ಅವಸರವೂ ಇಲ್ಲದೆ ಒಪ್ಪುವ ಮೊತ್ತವೇ ಯೋಗ್ಯ ಬೆಲೆ. ಈ ಲಕ್ಷಣವನ್ನು ಹಿಡಿದು ನೋಡಿದರೆ ಅಂಗಡಿಯವನು ಕೇಳುವ ಬೆಲೆಯು ಪ್ರಮಾಣವಲ್ಲ, ನಿಜವಾಗಿ ಮಾರಾಟವಾದ ಬೆಲೆಯೇ ಪ್ರಮಾಣ. ಒತ್ತಾಯದ ಮಾರಾಟವೂ ಪ್ರಮಾಣವಲ್ಲ. ೧೯೫೯ರ ಆಯುಧ ಕಾನೂನಿಗೆ ೨೦೧೯ರಲ್ಲಿ ಆದ ತಿದ್ದುಪಡಿಯಿಂದ ಒಬ್ಬನು ಇಟ್ಟುಕೊಳ್ಳಬಹುದಾದ ಕೋವಿಗಳ ಸಂಖ್ಯೆಯು ಸಾಮಾನ್ಯವಾಗಿ ಮೂರರಿಂದ ಎರಡಕ್ಕೆ ಇಳಿಯಿತು. ಮೂರನೆಯದನ್ನು ಒಂದು ವರ್ಷದೊಳಗೆ ಒಪ್ಪಿಸಬೇಕಾಗಿ ಬಂದವನು ಅವಸರದಲ್ಲಿ ಕೊಟ್ಟ ಬೆಲೆಯನ್ನು ಮುಂದಿನ ವ್ಯವಹಾರಕ್ಕೆ ಅಳತೆಗೋಲಾಗಿ ಹಿಡಿಯುವುದು ನ್ಯಾಯವಲ್ಲ.

ಪರೀಕ್ಷೆಯನ್ನು ಪ್ರಾರಂಭಿಸುವ ಮೊದಲು ಕೋವಿಯು ಬರಿದಾಗಿದೆಯೆಂದು ಕಣ್ಣಾರೆ ಕಂಡು ನಿಶ್ಚಯಿಸಿಕೊಳ್ಳಬೇಕು. ವರ್ಷಗಟ್ಟಲೆ ತೂಗಿದ್ದ ಕೋವಿಯಲ್ಲಿಯೂ ಈಡು ಉಳಿದಿರಬಹುದು. ಬಳಿಕ ಅಕ್ಷರಗಳನ್ನೂ ಮುದ್ರೆಗಳನ್ನೂ ಓದಬೇಕು. ಶಾಸನವನ್ನು ಓದುವವನ ಎಚ್ಚರ ಇಲ್ಲಿಯೂ ಬೇಕು. ನಳಿಗೆಯ ಮೇಲೆ ಕೆತ್ತಿದ ಹೆಸರು ಯಾವಾಗಲೂ ತಯಾರಿಸಿದವನದಲ್ಲ. ಕಲ್ಕತ್ತೆಯ ಮ್ಯಾಂಟನ್, ಮದರಾಸಿನ ಪಿ. ಆರ್ ಅಂಡ್ ಸನ್ಸ್ ಮೊದಲಾದ ವ್ಯಾಪಾರಿಗಳು ಇಂಗ್ಲೆಂಡಿನಲ್ಲಿ ಮಾಡಿಸಿದ ಕೋವಿಗಳನ್ನು ತಮ್ಮ ಹೆಸರಿನಲ್ಲಿ ಮಾರುತ್ತಿದ್ದರು. ನಳಿಗೆಯ ಅಡಿಯಲ್ಲಿರುವ ಲಂಡನ್ ಅಥವಾ ಬರ್ಮಿಂಗ್‌ಹ್ಯಾಮಿನ ಪರೀಕ್ಷಾಶಾಲೆಯ ಮುದ್ರೆಗಳು ಹೆಚ್ಚು ವಿಶ್ವಾಸಾರ್ಹ. ನಳಿಗೆಯು ಕರಿಮದ್ದಿಗೆ ಮಾತ್ರ ಪರೀಕ್ಷಿತವಾದುದೋ, ಹೆಚ್ಚು ಒತ್ತಡವುಳ್ಳ ಹೊಗೆಯಿಲ್ಲದ ನೈಟ್ರೋ ಮದ್ದಿಗೂ ಪರೀಕ್ಷಿತವೋ ಎಂಬುದನ್ನು ಅವು ಹೇಳುವುವು. ಕರಿಮದ್ದಿನ ಕಾಲದ ನಳಿಗೆಯಲ್ಲಿ ಹೊಸ ಮದ್ದಿನ ತೋಟೆಯನ್ನು ಹಾರಿಸಿದರೆ ನಳಿಗೆಯು ಒಡೆಯಬಹುದು. ಇನ್ನು ಕ್ರಮಸಂಖ್ಯೆ: ಹಾಲೆಂಡ್ ಅಂಡ್ ಹಾಲೆಂಡ್, ರಿಗ್ಬಿ, ವೆಸ್ಟ್ಲಿ ರಿಚರ್ಡ್ಸ್ ಮುಂತಾದ ಹಳೆಯ ಮನೆಗಳ ಲೆಕ್ಕದ ಪುಸ್ತಕಗಳಿಂದ ಅದು ತಯಾರಾದ ವರ್ಷವನ್ನೂ ಎಷ್ಟೋ ವೇಳೆ ಮೊದಲು ಕೊಂಡವನ ಹೆಸರನ್ನೂ ತಿಳಿಯಬಹುದು. ಆ ಸಂಖ್ಯೆಯು ಲೈಸೆನ್ಸಿನಲ್ಲಿ ಬರೆದ ಸಂಖ್ಯೆಯೊಡನೆ ಹೊಂದದಿದ್ದರೆ ಬೆಲೆಯ ಮಾತನ್ನು ಅಲ್ಲಿಗೇ ನಿಲ್ಲಿಸತಕ್ಕದ್ದು.

ಮೂರನೆಯದು ನಳಿಗೆಯ ಒಳಮೈ. ನಗರ ಸೀಮೆಯ ಕೋವಿಗಳ ವಿಷಯದಲ್ಲಿ ಇದೇ ಮುಖ್ಯವಾದುದು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ಸರಾಸರಿಯಲ್ಲಿ ವರ್ಷಕ್ಕೆ ೭,೦೦೦ ಮಿಲಿಮೀಟರಿಗೂ ಮಿಕ್ಕು ಮಳೆ ಬೀಳುವುದು. ಹೊಸನಗರದ ಘಟ್ಟದ ಅಂಚಿನಲ್ಲಿಯೂ ಮಳೆಗಾಲವು ಹಾಗೆಯೇ ಘೋರವಾದುದು. ಈ ತೇವದೊಡನೆ ಮತ್ತೊಂದು ಕಾರಣವೂ ಸೇರಿತು. ಹಳೆಯ ತೋಟೆಗಳ ಕೇಪಿನಲ್ಲಿ ಪೊಟಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದ ಮೇಲೆ ಉಳಿಯುವ ಪೊಟಾಸಿಯಂ ಕ್ಲೋರೈಡು ಉಪ್ಪಿನ ಜಾತಿಯದು. ಗಾಳಿಯ ತೇವವನ್ನು ಹೀರಿ ಉಕ್ಕನ್ನು ತಿನ್ನುವುದು. ಉಪ್ಪು ನೀರಿನಲ್ಲಿ ಕರಗುವುದೇ ಹೊರತು ಎಣ್ಣೆಯಲ್ಲಿ ಕರಗದು. ಆದ್ದರಿಂದ ಬೇಟೆಯಾದೊಡನೆ ಬಿಸಿನೀರಿನಿಂದ ತೊಳೆದು ಒಣಗಿಸಿ ಎಣ್ಣೆ ಹಚ್ಚಿದವನ ರೈಫಲು ಉಳಿಯಿತು. ಎಣ್ಣೆಯನ್ನು ಮಾತ್ರ ಹಚ್ಚಿ ತೂಗಿಟ್ಟವನದು ಹೊರಗೆ ಹೊಳೆಯುತ್ತಲೇ ಒಳಗೆ ಕುಳಿಬಿದ್ದಿತು. ಬಟ್ಟೆಯಿಂದ ಒರಸಿ, ಬೆಳಕಿನ ಕಡೆಗೆ ಹಿಡಿದು, ಹಿಂಬದಿಯಿಂದ ನೋಡಿದರೆ ಗೀರುಗಳ ಅಂಚು ಹರಿತವಾಗಿದೆಯೋ ಸವೆದಿದೆಯೋ ಕಾಣುವುದು. ಎಣ್ಣೆ ತುಂಬಿದ ನಳಿಗೆಯನ್ನು ನೋಡಿ ತೀರ್ಮಾನಿಸಬಾರದು, ಎಣ್ಣೆಯು ಕುಳಿಗಳನ್ನು ಮುಚ್ಚುವುದು. ಮೂತಿಯ ಅಂಚು ಸವೆದಿದ್ದರೂ ಗುರಿ ಕೆಡುವುದು. ಮೂತಿಯಿಂದ ಸರಳು ತೂರಿಸಿ ಉಜ್ಜುವ ಅಭ್ಯಾಸವೇ ಈ ಸವೆತಕ್ಕೆ ಎಷ್ಟೋ ವೇಳೆ ಕಾರಣ.

ನಾಲ್ಕನೆಯದು ಸಂದುಕೀಲುಗಳೂ ಮರದ ಹಿಡಿಯೂ. ಜೋಡುನಳಿಗೆಯ ರೈಫಲನ್ನು ಮುಚ್ಚಿ ದೀಪದೆದುರು ಹಿಡಿದಾಗ ನಳಿಗೆಗೂ ಹಿಂಬದಿಯ ಉಕ್ಕಿಗೂ ನಡುವೆ ಬೆಳಕು ತೂರಬಾರದು. ನಳಿಗೆಗಳನ್ನು ಬಿಚ್ಚಿ ತೂಗಹಿಡಿದು ಬೆರಳಿನ ಗಂಟಿನಿಂದ ತಟ್ಟಿದರೆ ಗಂಟೆಯಂತೆ ದನಿಗೊಡಬೇಕು. ಒಡಕುದನಿ ಬಂದರೆ ಎರಡನ್ನೂ ಕೂಡಿಸಿದ ಬೆಸುಗೆ ಸಡಿಲಿದೆಯೆಂದು ಶಂಕಿಸಬೇಕು. ಒಂಟಿನಳಿಗೆಯ ರೈಫಲಿನಲ್ಲಿ ತೋಟೆ ಕೂರುವ ಕೋಣೆಯು ಸಡಿಲಿದೆಯೇ ಎಂಬುದನ್ನು ತಕ್ಕ ಅಳತೆಯ ಉಪಕರಣದಿಂದ ಕುಶಲನಾದ ಬಂದೂಕಿನ ಕೆಲಸಗಾರನೇ ಪರೀಕ್ಷಿಸಬೇಕು. ಮರದ ಹಿಡಿಯಲ್ಲಿ ಉಕ್ಕು ಮರವನ್ನು ಸೇರುವ ಕಡೆ ಸೀಳು ಇದೆಯೇ ಎಂದು ನೋಡತಕ್ಕದ್ದು. ಹಿಂದೊದೆತದ ಬಲವು ಬೀಳುವುದು ಅಲ್ಲಿಯೇ. ವಿಲಾಯತಿಯ ವಾಲ್ನಟ್ ಮರದ ಹಿಡಿ ಮುರಿದಾಗ ಊರಿನ ಆಚಾರಿಯಿಂದ ಬೀಟೆಯ ಹಿಡಿಯನ್ನು ಹಾಕಿಸಿದ್ದರೆ, ಉಪಯೋಗಿಸುವವನಿಗೆ ಅದು ದೋಷವಲ್ಲದಿರಬಹುದು. ಮೂಲಸ್ಥಿತಿಯನ್ನು ಬಯಸುವ ಸಂಗ್ರಾಹಕನಿಗೆ ಅದು ದೊಡ್ಡ ಕೊರತೆ. ಹಳೆಯ ಉಕ್ಕನ್ನು ಉಜ್ಜಿ ಹೊಸದಾಗಿ ನೀಲಿಬಣ್ಣ ಕೊಡಿಸುವುದೂ ಹೀಗೆಯೇ. ಹೊಳಪು ಬರುವುದು, ಕೆತ್ತನೆಯ ಅಂಚೂ ಮುದ್ರೆಗಳ ಅಕ್ಷರವೂ ಅಳಿದು ಆಯುಧದ ಸಾಕ್ಷ್ಯವೇ ಮಾಯವಾಗುವುದು.

ಐದನೆಯದು ತೋಟೆಯ ಅಳತೆ. ಎಷ್ಟೇ ಉತ್ತಮವಾದ ರೈಫಲಾದರೂ ಅದಕ್ಕೆ ತೋಟೆ ದೊರೆಯದಿದ್ದರೆ ಉಪಯೋಗದ ಬೆಲೆ ಕುಗ್ಗುವುದು. ಆಂಗ್ಲ ಸರ್ಕಾರವು ಸೈನ್ಯದ ತೋಟೆಗಳು ಬಂಡಾಯಗಾರರ ಕೈ ಸೇರಬಾರದೆಂದು ೧೯೦೭ರ ಸುಮಾರಿನಲ್ಲಿ .೪೫೦ ಅಳತೆಯನ್ನು ಹಿಂದೂದೇಶದಲ್ಲಿ ನಿಷೇಧಿಸಿತು, ಅದರ ಫಲವಾಗಿಯೇ.೪೬೫, .೪೭೦ ಮುಂತಾದ ಹೊಸ ಅಳತೆಗಳು ಹುಟ್ಟಿದುವು. .೩೧೫ ಅಳತೆಯ ರೈಫಲುಗಳು ಇಲ್ಲಿ ಹರಡಿದ್ದಕ್ಕೂ .೩೦೩ ಸೈನ್ಯದ ಅಳತೆಯೆಂದು ಪ್ರಜೆಗಳಿಗೆ ನಿಷಿದ್ಧವಾಗಿದ್ದುದೇ ಕಾರಣ. .೩೧೫ ರೈಫಲನ್ನು ಇಛಾಪುರದ ಸರ್ಕಾರಿ ಕಾರ್ಖಾನೆ ತಯಾರಿಸುತ್ತ ಬಂದಿದೆ, ಅದರ ತೋಟೆಗಳೂ ದೇಶದಲ್ಲಿಯೇ ಆಗುವುವು. ಶಿವಮೊಗ್ಗ ಸಾಗರಗಳ ದಾರಿಯ ಚೋರಡಿಯ ಹುಲಿಯ ವೃತ್ತಾಂತವನ್ನು ಬರೆದ ಕೆನೆತ್ ಆಂಡರ್ಸನ್ ನೆಚ್ಚಿದ್ದುದು .೪೦೫ ವಿಂಚೆಸ್ಟರ್ ರೈಫಲನ್ನು. ಪೂರ್ಣಚಂದ್ರ ತೇಜಸ್ವಿಯವರ ರೂಪಾಂತರಗಳಿಂದ ಕನ್ನಡಿಗರಿಗೆ ಆಂಡರ್ಸನ್ ಪರಿಚಿತನಾದುದರಿಂದ ಆ ಜಾತಿಯ ರೈಫಲಿಗೆ ಇಂದು ಅಭಿಮಾನಿಗಳುಂಟು. ಆದರೆ ಅದರ ತೋಟೆಯು ಇಲ್ಲಿ ದುರ್ಲಭ. ಸಾಧಾರಣವಾದ .೩೧೫ ರೈಫಲು ಉಪಯೋಗದ ದೃಷ್ಟಿಯಿಂದ ಪ್ರಸಿದ್ಧವಾದ ಹಳೆಯ ರೈಫಲಿಗಿಂತ ಹೆಚ್ಚು ಬೆಲೆಯುಳ್ಳದ್ದಾಗಬಹುದೆಂಬುದು ಆಶ್ಚರ್ಯವಾದರೂ ನಿಜ.

ಆರನೆಯದು ಹಿಂದಿನ ಒಡೆತನದ ಚರಿತ್ರೆ. ೨೦೧೫ರಲ್ಲಿ ಲಂಡನ್ನಿನ ಬಾನ್‌ಹ್ಯಾಮ್ಸ್ ಹರಾಜಿನಲ್ಲಿ ಟೀಪುವಿನ ಆಯುಧಶಾಲೆಯ ಬೇಟೆಯ ಬಂದೂಕೊಂದು ೭,೨೨,೫೦೦ ಪೌಂಡುಗಳಿಗೆ ಮಾರಾಟವಾಯಿತು. ಅದರ ಮೇಲೆ ಶ್ರೀರಂಗಪಟ್ಟಣದ ಸೈಯದ್ ಮಾಸೂಮನೆಂಬ ಶಿಲ್ಪಿಯ ಹೆಸರೂ ೧೭೯೩-೯೪ಕ್ಕೆ ಸಲ್ಲುವ ವರ್ಷವೂ ಇದ್ದುವು. ಚಂಪಾವತದ ನರಭಕ್ಷಕ ಹುಲಿಯನ್ನು ೧೯೦೭ರಲ್ಲಿ ಕೊಂದುದಕ್ಕಾಗಿ ಜಿಮ್ ಕಾರ್ಬೆಟ್ಟನಿಗೆ ಕೊಟ್ಟ ರಿಗ್ಬಿ ರೈಫಲಿನ ಹಿಡಿಯಲ್ಲಿ ಆ ಸಂಗತಿಯನ್ನು ಬರೆದ ಬೆಳ್ಳಿಯ ತಗಡು ಇದೆ. ಈ ಎರಡರಲ್ಲಿಯೂ ಚರಿತ್ರೆಯು ವಸ್ತುವಿನ ಮೇಲೆಯೇ ಲಿಖಿತವಾಗಿದೆ. ಇಂಥ ದೊರೆಯು ಬಿಟ್ಟುಹೋದುದು, ಇಂಥ ಹುಲಿಯನ್ನು ಹೊಡೆದುದು ಎಂಬ ಮನೆಮಾತಿಗೆ ಪತ್ರವೋ ಲೈಸೆನ್ಸೋ ಕೊಂಡ ಚೀಟಿಯೋ ಆಧಾರವಿಲ್ಲದಿದ್ದರೆ ಅದನ್ನು ಗೌರವದಿಂದ ಕೇಳಬಹುದು, ಬೆಲೆಗೆ ಕೂಡಿಸಬಾರದು.

ಇಷ್ಟಾದ ಮೇಲೆ ಲೆಕ್ಕ. ಅದೇ ತಯಾರಕನ, ಅದೇ ಅಳತೆಯ, ದೋಷವಿಲ್ಲದ ರೈಫಲು ಲೈಸೆನ್ಸುಳ್ಳ ವ್ಯಾಪಾರಿಗಳಲ್ಲಿ ನಿಜವಾಗಿ ಮಾರಾಟವಾದ ಬೆಲೆಯನ್ನು ಹದಿನಾರಾಣೆಯೆಂದು ಹಿಡಿಯಬೇಕು. ಉದಾಹರಣೆಗಾಗಿ, ಒಳಮೈ ಸ್ವಲ್ಪ ಕುಳಿಬಿದ್ದುದಕ್ಕೆ ನಾಲ್ಕಾಣೆಯನ್ನೂ ಹಿಡಿ ಬದಲಾದುದಕ್ಕೆ ಎರಡಾಣೆಯನ್ನೂ ಕಳೆದರೆ ಹತ್ತಾಣೆ ಉಳಿಯುವುದು. ಆಧಾರವುಳ್ಳ ಚರಿತ್ರೆಗೆ ಎರಡಾಣೆ ಕೂಡಿಸಿದರೆ ಹನ್ನೆರಡಾಣೆಯಾಗುವುದು. ಒಂದೇ ದೋಷವನ್ನು ಎರಡು ಸಲ ಕಳೆಯಬಾರದು: ತುಕ್ಕನ್ನು ಉಜ್ಜಿದ್ದರಿಂದ ಅಕ್ಷರ ಅಳಿದಿದ್ದರೆ ಅದು ಒಂದೇ ಕೊರತೆ. ಆದರೆ ಉಬ್ಬಿದ ನಳಿಗೆ, ಸೀಳಿದ ಉಕ್ಕು, ಹೊಂದದ ಸಂಖ್ಯೆ ಇವು ಕಳೆಯತಕ್ಕ ಆಣೆಗಳಲ್ಲ. ಇವುಗಳಲ್ಲಿ ಒಂದಿದ್ದರೂ ಹಾರಿಸುವ ಆಯುಧವೆಂಬ ಬೆಲೆಯು ಪೂರ್ತಿಯಾಗಿ ಇಲ್ಲವಾಗುವುದು. ಹೊರದೇಶದ ಹರಾಜಿನ ಬೆಲೆಯನ್ನು ರೂಪಾಯಿಗೆ ತಿರುಗಿಸಿ ಹದಿನಾರಾಣೆಯೆಂದು ಹಿಡಿಯುವುದೂ ತಪ್ಪು. ಖಾಸಗಿಯವರು ಕೋವಿಗಳನ್ನು ತರಿಸುವುದಕ್ಕೆ ಇರುವ ಬಿಗಿಯಾದ ನಿರ್ಬಂಧದಿಂದ ಇಲ್ಲಿಯ ಪೇಟೆಯು ಹೊರಗಿನ ಪೇಟೆಯಿಂದ ಬೇರ್ಪಟ್ಟಿದೆ. ನೂರು ವರ್ಷಕ್ಕೆ ಮಿಕ್ಕಿದ ಪುರಾತನ ವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವುದನ್ನು ೧೯೭೨ರ ಪ್ರಾಚ್ಯವಸ್ತುಗಳ ಕಾನೂನು ತಡೆಯುವುದು.

ಕಾನೂನಿನ ಅಂಶಗಳೂ ಬೆಲೆಯ ಅಂಗಗಳೇ. ಲೈಸೆನ್ಸುಳ್ಳವನು ಲೈಸೆನ್ಸಿಗೆ ಅರ್ಹನಾದ ಮತ್ತೊಬ್ಬನಿಗೆ ಮಾತ್ರ ಮಾರಬಹುದು. ಅದಕ್ಕೂ ಮೊದಲು ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಸಮೀಪದ ಠಾಣೆಯ ಅಧಿಕಾರಿಗೋ ಲಿಖಿತವಾಗಿ ತಿಳಿಸಿ ೪೫ ದಿನಗಳು ಕಳೆಯಬೇಕು. ಲೈಸೆನ್ಸುದಾರನು ತೀರಿಕೊಂಡಾಗ, ಅಥವಾ ಅವನಿಗೆ ೭೦ ವರ್ಷ ತುಂಬಿದಾಗ ಇಲ್ಲವೆ ಕೋವಿಯನ್ನು ೨೫ ವರ್ಷ ಇಟ್ಟುಕೊಂಡಿದ್ದಾಗ, ವಾರಸುದಾರರು ಲೈಸೆನ್ಸಿಗೆ ಅರ್ಜಿ ಹಾಕಲು ೨೦೧೬ರ ನಿಯಮಗಳಲ್ಲಿ ಅವಕಾಶವಿದೆ. ಈ ಮಾರ್ಗವನ್ನು ಅರಿಯದೆ ಕೋವಿಯನ್ನು ಅಟ್ಟದಲ್ಲಿ ಅಡಗಿಸಿಟ್ಟವನ ಕೈಯಲ್ಲಿ ಅದು ಆಸ್ತಿಯಾಗದೆ ಅಪರಾಧವಾಗುವುದು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾನೂನಿನಿಂದ ಬೇಟೆಯೂ ಮುಗಿಯಿತು. ಸೋವು, ಮರಸು ಮುಂತಾದ ಮಾತುಗಳು ಇನ್ನು ಕಾದಂಬರಿಗಳಲ್ಲಿಯೂ ಮುದುಕರ ನೆನಪಿನಲ್ಲಿಯೂ ಉಳಿಯತಕ್ಕವು. ಬೆಳೆಗಾವಲಿಗೆಂದು ಕಾನೂನು ವಿಶೇಷವಾಗಿ ಎಣಿಸುವುದು ಮೂತಿಯಿಂದ ಈಡು ತುಂಬುವ ಕೋವಿಯನ್ನೇ ಹೊರತು ರೈಫಲನ್ನಲ್ಲ.

ಹೀಗಿರಲು ಬೇಟೆಯ ರೈಫಲಿನ ಮೂಲ ಪ್ರಯೋಜನವೇ ತೀರಿಹೋಗಿದೆ. ಅದರ ಬೆಲೆಯು ದಿನದಿನಕ್ಕೆ ಸಾಕ್ಷ್ಯದ ಬೆಲೆಯಾಗುತ್ತಿದೆ. ಆದುದರಿಂದ ಮಾರುವ ಅಥವಾ ಒಪ್ಪಿಸುವ ಮೊದಲು ತಯಾರಕನ ಹೆಸರು, ಮುದ್ರೆಗಳು, ಸಂಖ್ಯೆ, ಅಳತೆ, ಮನೆಗೆ ಬಂದ ಬಗೆ ಇವುಗಳನ್ನು ಬರೆದಿಟ್ಟು, ಚಿತ್ರ ತೆಗೆಸಿ, ಹಳೆಯ ಕಾಗದಗಳನ್ನು ಕೋವಿಯೊಡನೆಯೇ ಕೊಡುವುದು ಯುಕ್ತ. ಉಜ್ಜಿ ಹೊಳಪಿಸುವುದು ಯುಕ್ತವಲ್ಲ. ಹಾಗೆ ಮಾಡಿದರೆ ಮಾರುವವನಿಗೆ ನಷ್ಟವಿಲ್ಲ, ಕೊಳ್ಳುವವನಿಗೆ ಮೋಸವಿಲ್ಲ. ನಗರ ಸೀಮೆಯ ಒಂದು ಕಾಲದ ಜೀವನವನ್ನು ಮುಂದೆ ಬರೆಯುವವರಿಗೆ ಆಧಾರವೂ ಉಳಿಯುವುದು.