ದೇಶಾಟನದ ದೃಷ್ಟಿಯೂ ಕಾರ್ಕಳದ ಭೂದೃಶ್ಯವೂ

ಭೂದೃಶ್ಯ ವಾಸ್ತುವಿದ್ಯೆಯನ್ನು ವ್ಯಾಸಂಗ ಮಾಡುವ ವಿದ್ಯಾರ್ಥಿಗಳು ಪರದೇಶಗಳಲ್ಲಿ ಸಂಚರಿಸಿ, ಅಲ್ಲಿಯ ಕಾರ್ಯಾಲಯಗಳಲ್ಲಿ ಕೆಲಸ ಕಲಿತು, ಹಿಂದಿರುಗಿದ ಮೇಲೆ ತಮ್ಮ ಅನುಭವಗಳನ್ನು ಸಹಪಾಠಿಗಳ ಮುಂದಿಡುವುದುಂಟು. ಇಂಥ ಕಥನದಿಂದ ಶಾಸ್ತ್ರಕ್ಕೆ ಲಾಭವಾಗಬೇಕಾದರೆ ಕಂಡುದನ್ನು ಹೇಗೆ ದಾಖಲಿಸಬೇಕು? ಚರಿತ್ರೆಯು ಈ ಪ್ರಶ್ನೆಗೆ ನೀಡುವ ಉತ್ತರವನ್ನು ಕಾರ್ಕಳದ ನಿದರ್ಶನದ ಮೂಲಕ ಪರಿಶೀಲಿಸುವುದು ನಮ್ಮ ಉದ್ದೇಶ.

ಸ್ಕಾಟ್‌ಲೆಂಡಿನ ಸಸ್ಯಶಾಸ್ತ್ರಜ್ಞ ಫ್ರಾನ್ಸಿಸ್ ಬುಕಾನನ್ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ 1800-1801ರಲ್ಲಿ ಮೈಸೂರು, ಮಲಬಾರ್, ಕೆನರಾ ಸೀಮೆಗಳಲ್ಲಿ ಸಂಚರಿಸಿದನು. ಅವನ ಪ್ರವಾಸಕಥನ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ಕಾರ್ಕಳದಲ್ಲಿ ವೀರಪಾಂಡ್ಯ ಭೈರರಸನು 1432ರಲ್ಲಿ ಸ್ಥಾಪಿಸಿದ ಗೊಮ್ಮಟಮೂರ್ತಿಯನ್ನು ಕಂಡಾಗ ಅವನು ಬೆರಗಿನಲ್ಲಿಯೇ ನಿಲ್ಲಲಿಲ್ಲ. ನೆಲದಿಂದ ಮೇಲಕ್ಕೆ 38 ಅಡಿಯೆಂದು ಅಳತೆ ಕೊಟ್ಟು, ಶಾಸನದ ಶಕವರ್ಷವನ್ನೂ ಬರೆದುಕೊಂಡನು. ಇಂದು ಸಾಮಾನ್ಯವಾಗಿ ಹೇಳುವ ಎತ್ತರ ಸುಮಾರು 42 ಅಡಿ. ಈ ವ್ಯತ್ಯಾಸವನ್ನು ಚರ್ಚಿಸಲು ಸಾಧ್ಯವಾಗಿರುವುದು ಅವನು ಅಂಕಿಯನ್ನು ಕೊಟ್ಟಿದ್ದರಿಂದಲೇ. ಬರಿಯ ಹೊಗಳಿಕೆಯನ್ನು ಯಾರೂ ತಿದ್ದಲಾರರು.

ಇದೇ ಸಂಚಾರದಲ್ಲಿ ಮಲಬಾರಿನ ಅಂಗಾಡಿಪುರದ ಬಳಿ ಅವನು ಮುರಕಲ್ಲನ್ನು ಪರಿಶೀಲಿಸಿದನು. ಕಡಿಯುವಾಗ ಮೆತ್ತಗಿದ್ದು ಗಾಳಿ ಸೋಂಕಿದೊಡನೆ ಗಡುಸಾಗುವ ಆ ಕಲ್ಲನ್ನು ಅಲ್ಲಿಯವರು ಇಟ್ಟಿಗೆಯಂತೆ ಬಳಸುತ್ತಿದ್ದರು, ಕರೆಯುತ್ತಿದ್ದುದೂ ಇಟ್ಟಿಗೆಕಲ್ಲೆಂದೇ. ಬುಕಾನನ್ ಇಟ್ಟಿಗೆಗಿರುವ ಲ್ಯಾಟಿನ್ ಪದದಿಂದ 'ಲ್ಯಾಟರೈಟ್' ಎಂಬ ಹೆಸರನ್ನು ರೂಪಿಸಿದನು. ಇಂದು ಜಗತ್ತಿನ ಭೂವಿಜ್ಞಾನಿಗಳೆಲ್ಲ ಬಳಸುವ ಈ ಪದದ ಹಿಂದೆ ಕಲ್ಲುಕುಟಿಗರ ಅನುಭವವಿದೆಯೆಂಬುದು ಗಮನಾರ್ಹ.

ಹೋಲಿಕೆಯ ವಿಷಯದಲ್ಲಿ ಮಾತ್ರ ಎಚ್ಚರಿಕೆ ಅಗತ್ಯ. ಜೇಮ್ಸ್ ಫರ್ಗುಸನ್ 1876ರ ತನ್ನ ಗ್ರಂಥದಲ್ಲಿ ಸಮೀಪದ ಮೂಡುಬಿದಿರೆಯ ಬಸದಿಗಳ ಇಳಿಜಾರು ಮಾಡಿಗೂ ನೇಪಾಳದ ಕಟ್ಟಡಗಳಿಗೂ ಸಾಮ್ಯವನ್ನು ಗುರುತಿಸಿದನು. ಸಾಮ್ಯವಿರುವುದು ನಿಜ. ಆದರೆ ವರ್ಷಕ್ಕೆ ಸಾಮಾನ್ಯವಾಗಿ 4000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಸೀಮೆಯಲ್ಲಿ ಇಳಿಜಾರು ಮಾಡಿಗೆ ದೂರದೇಶದ ಪ್ರಭಾವವೇ ಬೇಕೆಂದಿಲ್ಲ. ಕಣ್ಣಿಗೆ ತೋರಿದ ಸಾಮ್ಯಕ್ಕೆ ಮೊದಲು ಸ್ಥಳದಲ್ಲಿಯೇ ಕಾರಣವನ್ನು ಅರಸಬೇಕು.

ಈ ಕ್ರಮದಿಂದ ನೋಡಿದರೆ ಕಾರ್ಕಳದ ವಿನ್ಯಾಸವು ಸ್ಪಷ್ಟವಾಗುತ್ತದೆ. ಬೋಳುಬಂಡೆಯ ಬೆಟ್ಟದ ಮೇಲೆ ಗೊಮ್ಮಟ. ಎದುರಿನ ಕಿರುಗುಡ್ಡದಲ್ಲಿ 1586ರ ಚತುರ್ಮುಖ ಬಸದಿ. ತಗ್ಗಿನಲ್ಲಿ ಆನೆಕೆರೆ, ಅದರ ನಡುವೆ ಮತ್ತೊಂದು ಬಸದಿ. ನಾಲ್ಕು ದಿಕ್ಕಿಗೂ ಬಾಗಿಲಿರುವ ಚತುರ್ಮುಖ ಬಸದಿಯಲ್ಲಿ ನಿಂತವನಿಗೆ ಕಟ್ಟಡದಷ್ಟೇ ಸುತ್ತಲಿನ ನೆಲವೂ ಮುಖ್ಯವಾಗುತ್ತದೆ. ಇಲ್ಲಿ ಬಂಡೆ, ನೀರು, ದೃಷ್ಟಿಪಥ ಮೂರೂ ಸೇರಿ ಒಂದು ಕೃತಿ. ಪರದೇಶದ ಹುಲ್ಲುಹಾಸಿನ ಉದ್ಯಾನವೇ ಆದರ್ಶವೆಂದು ನಂಬಿ ಬಂದವರು ಬೋಳುಬಂಡೆಯನ್ನು ಮುಚ್ಚಲು ಹೊರಟರೆ, ಅಥವಾ ಎರಡು ಗುಡ್ಡಗಳ ನಡುವೆ ಎತ್ತರದ ಕಟ್ಟಡಗಳೆದ್ದರೆ, ಒಂದು ಕಲ್ಲೂ ಅಲುಗದೆ ಈ ಕೃತಿ ನಾಶವಾಗಬಹುದು. ಸ್ಮಾರಕಗಳ ಪಟ್ಟಿಯಿಂದ ಮಾತ್ರ ಇಂಥ ನಷ್ಟವನ್ನು ತಡೆಯಲಾಗದು.

ಪರದೇಶದ ಶಿಕ್ಷಣವನ್ನು ಸ್ವದೇಶಕ್ಕೆ ಹೊಂದಿಸಿದವರು ನಮ್ಮಲ್ಲಿಯೂ ಇದ್ದಾರೆ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು ಬಂದ ಎಂ. ಎಚ್. ಮರಿಗೌಡರು ಲಾಲ್‌ಬಾಗಿನ ಆಡಳಿತದೊಡನೆ, ತೋಟಗಾರಿಕೆಯನ್ನು ಮಳೆಯಾಶ್ರಿತ ಭೂಮಿಯ ರೈತರವರೆಗೂ ಒಯ್ದರು.

ಆದುದರಿಂದ ಪ್ರವಾಸದ ಟಿಪ್ಪಣಿಯಲ್ಲಿ ಮೂರು ಅಂಶಗಳಿರಬೇಕೆಂದು ನಮ್ಮ ಅಭಿಪ್ರಾಯ: ಕಂಡುದರ ಅಳತೆ, ಸ್ಥಳೀಯರು ಅದಕ್ಕಿಟ್ಟ ಹೆಸರು ಮತ್ತು ಬಳಕೆ, ಆ ರೂಪಕ್ಕೆ ಕಾರಣವಾದ ಮಳೆ ಮಣ್ಣುಗಳ ವಿವರ. ವಿದೇಶದಿಂದ ಮರಳಿದ ವಿದ್ಯಾರ್ಥಿಯು ಕಾರ್ಕಳದಂಥ ಊರೊಂದನ್ನು ಇದೇ ಕ್ರಮದಲ್ಲಿ ಬರೆದಿಡಬಲ್ಲನಾದರೆ ಅವನ ದೇಶಾಟನ ಸಾರ್ಥಕವೆನ್ನಬಹುದು.